ಓದುಗರ ಪ್ರಶ್ನೆ: ನಂಬಿಕೆ ಅರೆಯಾಗಿರುವಾಗ ಪ್ರಾರ್ಥಿಸುವುದು ಕಪಟವೇ?

ಪ್ರಶ್ನೆ: ನಾನು ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ ಬೆಳೆದವಳು. ನನ್ನ ತಮ್ಮ ಕುಡಿತಕ್ಕೆ ಬಿದ್ದು ಮನೆ ಬಿಟ್ಟು ಹೋಗಿ ಆರು ವರ್ಷಗಳಾದವು. ಮೊದಮೊದಲು ಅವನಿಗಾಗಿ ಅತ್ತು ಬೇಡಿಕೊಳ್ಳುತ್ತಿದ್ದೆ. ದೇವರು ಕೇಳಿಯೇ ಕೇಳುತ್ತಾನೆಂಬ ಧೈರ್ಯವಿತ್ತು. ಈಗ ಮೊಣಕಾಲೂರಿದ ಕೂಡಲೇ ‘ಇದನ್ನೆಲ್ಲ ನಾನು ಯಾರಿಗೆ ಹೇಳುತ್ತಿದ್ದೇನೆ’ ಎಂಬ ಯೋಚನೆ ಬರುತ್ತದೆ. ಸಂದೇಹಪಡುವವನು ಕರ್ತನಿಂದ ಏನನ್ನಾದರೂ ಹೊಂದುವೆನೆಂದು ಭಾವಿಸಬಾರದೆಂದು ಯಾಕೋಬನ ಪತ್ರಿಕೆಯಲ್ಲಿದೆ. ಹಾಗಾದರೆ ನನ್ನ ಪ್ರಾರ್ಥನೆ ಕಪಟವಲ್ಲವೇ? ನಂಬಿಕೆ ಮರಳಿ ಬರುವ ತನಕ ನಿಲ್ಲಿಸಿಬಿಡುವುದೇ ಪ್ರಾಮಾಣಿಕವಲ್ಲವೇ?

ಉತ್ತರ: ನಿಲ್ಲಿಸಬೇಡಿ. ಕಾರಣಗಳನ್ನು ಮುಂದೆ ಹೇಳುತ್ತೇನೆ, ಆದರೆ ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ಮೊದಲು ಹೇಳಬೇಕೆನಿಸಿದ್ದು ಇದೊಂದೇ ಮಾತು. ನಂಬಿಕೆ ಹೋಗಿದೆ ಎನ್ನುವ ನೀವು ಈಗಲೂ ಮೊಣಕಾಲೂರುತ್ತಿದ್ದೀರಿ, ತಮ್ಮನ ಹೆಸರನ್ನು ದೇವರ ಮುಂದೆ ಹೇಳುತ್ತಿದ್ದೀರಿ, ಹಾಗೆ ಹೇಳುವುದರಿಂದ ದೇವರಿಗೆ ಮೋಸವಾಗುತ್ತಿದೆಯೇನೋ ಎಂದು ಅಂಜುತ್ತಲೂ ಇದ್ದೀರಿ. ಕೇಳುವವರೇ ಇಲ್ಲವೆಂದು ನಿಜವಾಗಿ ತೀರ್ಮಾನಿಸಿಕೊಂಡವರಿಗೆ ಈ ಅಂಜಿಕೆ ಇರುವುದಿಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ಯಾರ ಮುಂದೆ ಕಪಟ ಮಾಡಲು ಸಾಧ್ಯ?

ನಂಬಿಕೆಯೆಂದರೆ ಮನಸ್ಸಿನಲ್ಲಿ ಉಂಟಾಗುವ ಒಂದು ಖಾತರಿಯ ಅನುಭವ, ಅದು ತುಂಬಿದ ಮೇಲೆ ಪ್ರಾರ್ಥನೆ ಉಕ್ಕಿ ಹರಿಯಬೇಕು ಎಂಬ ಎಣಿಕೆ ನಮ್ಮಲ್ಲಿ ಬಹಳ ಮಂದಿಗಿದೆ. ಸಾಕ್ಷಿ ಹೇಳುವವರು ಸಹ ಬಹುಮಟ್ಟಿಗೆ ಕಡೆಯ ಭಾಗವನ್ನೇ ಹೇಳುತ್ತಾರೆ. ನಡುವೆ ಬಾಯಿ ಒಣಗಿ ಮನಸ್ಸು ಕಲ್ಲಾಗಿದ್ದ ವರ್ಷಗಳನ್ನು ಹೇಳುವವರು ಅಪರೂಪ. ಆದರೆ ಸತ್ಯವೇದ ಆ ನಡುವಿನ ಭಾಗವನ್ನು ಮುಚ್ಚಿಡುವುದಿಲ್ಲ.

ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಬರುವ ತಂದೆಯ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತುಕೊಳ್ಳಿ. ಚಿಕ್ಕಂದಿನಿಂದ ನರಳುತ್ತಿರುವ ಮಗ, ಮೈಮೇಲೆ ಎಚ್ಚರವಿಲ್ಲದೆ ಬೆಂಕಿಗೂ ನೀರಿಗೂ ಬೀಳುತ್ತಿದ್ದವನು. ಅವನನ್ನು ಶಿಷ್ಯರ ಬಳಿಗೆ ಕರೆತಂದರೆ ಅವರ ಕೈಯಿಂದ ಏನೂ ಆಗಲಿಲ್ಲ. ಸುತ್ತ ಜನ ನೆರೆಯಿತು, ಶಾಸ್ತ್ರಿಗಳು ತರ್ಕಕ್ಕೆ ನಿಂತರು, ಹುಡುಗ ಹಾಗೆಯೇ ಉಳಿದ. ಇಷ್ಟೆಲ್ಲ ಆದ ಮೇಲೆ ಬೆಟ್ಟದಿಂದ ಇಳಿದುಬಂದ ಯೇಸುಸ್ವಾಮಿಯನ್ನು ಕಂಡು ಅವನು ಆಡುವ ಮಾತಿನಲ್ಲಿ ಆಯಾಸವೇ ತುಂಬಿದೆ: ನಿನ್ನಿಂದ ಏನಾದರೂ ಆಗುವುದಾದರೆ ಕರುಣೆಯಿಟ್ಟು ನಮಗೆ ಸಹಾಯಮಾಡು. ‘ಆಗುವುದಾದರೆ’ ಎಂಬ ಆ ಮಾತನ್ನು ಯೇಸು ಹಿಡಿದುಕೊಳ್ಳುತ್ತಾನೆ; ನಂಬುವವನಿಗೆ ಎಲ್ಲವೂ ಆಗುವುದೆನ್ನುತ್ತಾನೆ. ಆಗ ಆ ತಂದೆ, ತಡಮಾಡದೆ, ಕೂಗಿ ಹೇಳುತ್ತಾನೆ: ನಂಬುತ್ತೇನೆ, ನನ್ನ ಅಪನಂಬಿಕೆಯಲ್ಲಿ ನನಗೆ ಸಹಾಯಮಾಡು.

ಒಂದೇ ಉಸಿರಿನಲ್ಲಿ ಎರಡು ಮಾತು. ಅಪನಂಬಿಕೆಯನ್ನು ಹೊರಗೆ ಬಿಟ್ಟು ಒಳಗೆ ಬರುತ್ತೇನೆಂದು ಅವನು ಹೇಳಲಿಲ್ಲ, ಅದನ್ನೂ ಮಗನ ಜೊತೆಯಲ್ಲಿಯೇ ಯೇಸುವಿನ ಮುಂದೆ ತಂದಿಟ್ಟ. ಗ್ರೀಕ್ ಮೂಲದಲ್ಲಿ ಈ ತಂದೆ ‘ಸಹಾಯಮಾಡು’ ಎಂಬ ಒಂದೇ ಕ್ರಿಯಾಪದವನ್ನು ಎರಡು ಸಲ ಬಳಸುತ್ತಾನೆ. ಮಗನಿಗಾಗಿ ಕೇಳುವಾಗ ಅದರ ರೂಪ ‘ಈ ಒಂದು ಉಪಕಾರ ಮಾಡಿಬಿಡು’ ಎನ್ನುವಂಥದು. ತನ್ನ ಅಪನಂಬಿಕೆಗಾಗಿ ಕೇಳುವಾಗ ‘ಸಹಾಯಮಾಡುತ್ತಲೇ ಇರು’ ಎನ್ನುವಂಥದು. ಮಗನ ವಾಸಿ ಒಂದು ದಿನದ ಕೆಲಸ, ತನ್ನ ಮನಸ್ಸಿನ ವಾಸಿ ದಿನದಿನದ ಕೆಲಸ ಎಂಬುದು ಆ ಗಳಿಗೆಯಲ್ಲೇ ಅವನಿಗೆ ತಿಳಿದಿತ್ತೋ ಏನೋ, ಮಾತಂತೂ ಹಾಗೆ ಬಂತು. ಯೇಸು ಅವನಿಗೆ ‘ಹೋಗಿ ನಂಬಿಕೆಯನ್ನು ಪೂರ್ತಿ ಮಾಡಿಕೊಂಡು ಬಾ’ ಎನ್ನಲಿಲ್ಲ. ಆ ಅರೆನಂಬಿಕೆಯ ಕೂಗಿಗೇ ಹುಡುಗನ ಕೈ ಹಿಡಿದು ಎಬ್ಬಿಸಿದ. ಕಡೆಯಲ್ಲಿ ಶಿಷ್ಯರು ‘ನಮ್ಮಿಂದ ಏಕೆ ಆಗಲಿಲ್ಲ’ ಎಂದು ಕೇಳಿದಾಗ, ಈ ತರಹದ್ದು ಪ್ರಾರ್ಥನೆಯಿಂದಲ್ಲದೆ ಹೋಗದೆಂದು ಉತ್ತರ ಬರುತ್ತದೆ. ಈ ಪ್ರಸಂಗದಲ್ಲಿ ಪ್ರಾರ್ಥನೆ ಎನ್ನಬಹುದಾದ ಮಾತನ್ನು ಆಡಿದವನು ಯಾರು ಎಂದು ಹುಡುಕಿ ನೋಡಿದರೆ ಆ ತಂದೆಯ ಹೊರತು ನನಗೆ ಯಾರೂ ಸಿಗುವುದಿಲ್ಲ.

ಇನ್ನು ನೀವು ಎತ್ತಿದ ಯಾಕೋಬನ ಮಾತು. ಅದನ್ನು ತಳ್ಳಿಹಾಕಬೇಕಾಗಿಲ್ಲ, ಆದರೆ ಪೂರ್ತಿಯಾಗಿ ಓದಬೇಕು. ಸಂದೇಹಪಡುವವನನ್ನು ಗಾಳಿಗೆ ಹೊಯ್ದಾಡುವ ಸಮುದ್ರದ ತೆರೆಗೆ ಹೋಲಿಸಿದ ಮೇಲೆ ಯಾಕೋಬನು ಅವನನ್ನು ಎರಡು ಮನಸ್ಸುಳ್ಳವನು ಎಂದು ಕರೆಯುತ್ತಾನೆ. ಅದೇ ಪದ ಅದೇ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಮತ್ತೊಮ್ಮೆ ಬರುತ್ತದೆ. ಅಲ್ಲಿ ಮಾತು ದೇವರನ್ನೂ ಲೋಕವನ್ನೂ ಒಟ್ಟಿಗೆ ಮೆಚ್ಚಿಸಲು ಹೊರಟವರ ಕುರಿತದ್ದು. ಆದುದರಿಂದ ಯಾಕೋಬನು ಗದರಿಸುತ್ತಿರುವುದು ಎರಡು ದೋಣಿಯಲ್ಲಿ ಕಾಲಿಟ್ಟ ನಿಷ್ಠೆಯನ್ನು, ಒಂದೇ ಬಾಗಿಲ ಮುಂದೆ ನಿಂತು ನಡುಗುವವರನ್ನಲ್ಲ ಎಂದು ನಾನು ತಿಳಿಯುತ್ತೇನೆ. ನಿಮ್ಮ ಪತ್ರದಲ್ಲಿ ನಡುಕವಿದೆ, ಎರಡನೆಯ ಬಾಗಿಲಿಲ್ಲ.

ಅಷ್ಟೇ ಅಲ್ಲ, ಪತ್ರಿಕೆಯ ಕೊನೆಯಲ್ಲಿ ಪ್ರಾರ್ಥನೆಗೆ ಮಾದರಿಯಾಗಿ ಯಾಕೋಬನು ಹೆಸರಿಸುವುದು ಪ್ರವಾದಿಯಾದ ಎಲೀಯನನ್ನು, ಅದೂ ಅವನು ನಮ್ಮಂಥ ಸ್ವಭಾವವುಳ್ಳ ಮನುಷ್ಯನೆಂದು ಹೇಳಿ. ಕರ್ಮೆಲ್ ಬೆಟ್ಟದ ತುದಿಯಲ್ಲಿ ಎಲೀಯನು ಮಳೆಗಾಗಿ ಬೇಡುತ್ತಾ ಮೊಣಕಾಲುಗಳ ನಡುವೆ ಮುಖವಿಟ್ಟು ಕುಳಿತು, ಸಮುದ್ರದ ಕಡೆ ನೋಡಿ ಬಾ ಎಂದು ಸೇವಕನನ್ನು ಕಳುಹಿಸುತ್ತಾನೆ. ಸೇವಕ ಹೋಗಿ ಬಂದು ‘ಏನೂ ಇಲ್ಲ’ ಎನ್ನುತ್ತಾನೆ. ಮತ್ತೆ ಹೋಗು, ಮತ್ತೆ ಹೋಗು ಎಂದು ಏಳು ಸಲ. ಏಳನೆಯ ಸಲ ಅಂಗೈಯಷ್ಟು ಚಿಕ್ಕ ಮೋಡ ಕಾಣುತ್ತದೆ. ನಾವು ಆ ಮೋಡವನ್ನು ನೆನಪಿಟ್ಟುಕೊಂಡು, ಆ ಸೇವಕ ಬರಿಗೈಯಲ್ಲಿ ಹಿಂತಿರುಗಿದ ಹಿಂದಿನ ಆರು ಸಲವನ್ನು ಮರೆಯುತ್ತೇವೆ. ಮಾರನೆಯ ಅಧ್ಯಾಯದಲ್ಲೇ ಅದೇ ಎಲೀಯನು ಅಡವಿಯಲ್ಲಿ ಜಾಲಿಗಿಡದ ಕೆಳಗೆ ಕುಳಿತು ಸಾಕಾಯಿತು, ನನ್ನ ಪ್ರಾಣ ತೆಗೆದುಬಿಡು ಎಂದು ಬೇಡುತ್ತಾನೆ. ಆ ಪ್ರಾರ್ಥನೆಯನ್ನು ದೇವರು ನಡೆಸಿಕೊಡಲಿಲ್ಲ. ಎಬ್ಬಿಸಿ ರೊಟ್ಟಿ ನೀರು ಕೊಟ್ಟು, ಮತ್ತೆ ಮಲಗಲು ಬಿಟ್ಟು, ಮತ್ತೆ ಎಬ್ಬಿಸಿದನು.

ಅಪೊಸ್ತಲರ ಕೃತ್ಯಗಳು ಹನ್ನೆರಡನೆಯ ಅಧ್ಯಾಯವನ್ನೂ ಓದಿ. ಪೇತ್ರನು ಸೆರೆಮನೆಯಲ್ಲಿದ್ದಾನೆ, ನಾಲ್ಕು ನಾಲ್ಕು ಮಂದಿ ಸಿಪಾಯಿಗಳಿದ್ದ ನಾಲ್ಕು ಗುಂಪುಗಳ ಕಾವಲು. ಸಭೆಯವರು ಅವನಿಗಾಗಿ ಆಸಕ್ತಿಯಿಂದ ಪ್ರಾರ್ಥಿಸುತ್ತಿದ್ದಾರೆ. ಬಿಡುಗಡೆಯಾದ ಪೇತ್ರನು ಬಂದು ಬಾಗಿಲು ತಟ್ಟಿದಾಗ ರೋದೆ ಎಂಬ ದಾಸಿ ಅವನ ಧ್ವನಿಯನ್ನು ಗುರುತಿಸಿ, ಸಂತೋಷದ ಭರದಲ್ಲಿ ಬಾಗಿಲು ತೆರೆಯುವುದನ್ನೇ ಮರೆತು ಒಳಗೋಡಿ ಸುದ್ದಿ ಹೇಳುತ್ತಾಳೆ. ಪ್ರಾರ್ಥಿಸುತ್ತಿದ್ದವರು ಅವಳಿಗೆ ‘ನಿನಗೆ ಹುಚ್ಚು ಹಿಡಿದಿದೆ’ ಎನ್ನುತ್ತಾರೆ. ತಾವು ಬೇಡಿಕೊಂಡದ್ದೇ ಬಾಗಿಲಲ್ಲಿ ನಿಂತಿದೆ ಎಂದರೆ ನಂಬಲಾರದಷ್ಟು ನಂಬಿಕೆ ಅವರದು! ಆದರೂ ಅವರು ಆ ರಾತ್ರಿ ಕೂಡಿ ಬೇಡುತ್ತಿದ್ದರು, ಪೇತ್ರನು ಹೊರಗೆ ತಟ್ಟುತ್ತಲೇ ಇದ್ದನು. ಅದೇ ಅಧ್ಯಾಯದ ಆರಂಭದಲ್ಲಿ ಹೆರೋದನು ಯೋಹಾನನ ಅಣ್ಣನಾದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ ಸಂಗತಿಯೂ ಇದೆ. ಒಬ್ಬನು ಬದುಕಿಬಂದ, ಒಬ್ಬನು ಬರಲಿಲ್ಲ. ಏಕೆಂದು ಈ ಪುಸ್ತಕವನ್ನು ಬರೆದ ಲೂಕನು ವಿವರಿಸಲಿಲ್ಲ. ಯಾಕೋಬನಿಗಾಗಿ ಪ್ರಾರ್ಥಿಸಿದವರ ನಂಬಿಕೆ ಕಡಿಮೆಯಾಗಿತ್ತೆಂದು ಅವನು ಎಲ್ಲಿಯೂ ಹೇಳುವುದಿಲ್ಲ.

ತಮ್ಮನ ವಿಷಯ ಬರೆದಿದ್ದೀರಾದ್ದರಿಂದ ಮುಂದೆ ಸಭೆಯ ದೊಡ್ಡ ಗುರುವಾದ ಅಗಸ್ಟೀನನ ತಾಯಿ ಮೋನಿಕಳನ್ನು ನೆನಪಿಸದೆ ಇರಲಾರೆ. ದಾರಿ ತಪ್ಪಿದ ಮಗನಿಗಾಗಿ ಅವಳು ವರ್ಷಗಟ್ಟಲೆ ಕಣ್ಣೀರು ಸುರಿಸಿದಳು. 383ರಲ್ಲಿ ಮಗ ಕಾರ್ಥೇಜಿನಿಂದ ರೋಮಿಗೆ ಹೊರಟುನಿಂತಾಗ, ಅವನು ಹಡಗು ಹತ್ತದಿರಲಿ ಎಂದು ಕಡಲತೀರದ ಪ್ರಾರ್ಥನಾಲಯದಲ್ಲಿ ರಾತ್ರಿಯೆಲ್ಲ ಬೇಡಿದಳು. ಬೆಳಗಾಗುವಷ್ಟರಲ್ಲಿ ಮಗ ಅವಳಿಗೆ ಸುಳ್ಳು ಹೇಳಿ ಹೋಗಿಬಿಟ್ಟಿದ್ದ. ಆ ಬೆಳಗ್ಗೆ ಆ ತಾಯಿಗೆ ದೇವರು ಕಿವುಡನೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಅವನು ಮಿಲಾನಿನ ಬಿಷಪ್ ಆಂಬ್ರೋಸನನ್ನು ಕಂಡದ್ದು ಆ ಇಟಲಿಯಲ್ಲೇ, 387ರ ಈಸ್ಟರಿನಲ್ಲಿ ದೀಕ್ಷಾಸ್ನಾನ ಪಡೆದದ್ದೂ ಅಲ್ಲಿಯೇ. ಅವಳು ಅಂದು ಕೇಳಿದ್ದನ್ನು ದೇವರು ಕೊಡದೆ ಹೋದದ್ದು ಅವಳು ಯಾವಾಗಲೂ ಕೇಳುತ್ತಿದ್ದುದನ್ನು ಕೊಡುವುದಕ್ಕಾಗಿ ಎಂದು ಅಗಸ್ಟೀನನು ಮುಂದೆ ಬರೆದ. ನಿಮ್ಮ ತಮ್ಮನೂ ಹೀಗೆಯೇ ಮರಳುತ್ತಾನೆಂದು ನಾನು ಮಾತುಕೊಡಲಾರೆ. ಹಾಗೆ ಮಾತುಕೊಡುವ ಅಧಿಕಾರ ನನಗಿಲ್ಲ. ಆದರೆ ಹಡಗು ಹೊರಟುಹೋದ ಬೆಳಗ್ಗೆಯೇ ಲೆಕ್ಕ ಮುಗಿಸಬೇಡಿ ಎಂದು ಹೇಳಬಲ್ಲೆ.

ನನ್ನದೂ ಒಂದು ಅನುಭವವನ್ನು ಹೇಳುತ್ತೇನೆ. ನನ್ನ ತಾಯಿ ಪಾರ್ಶ್ವವಾಯು ಬಡಿದು, ಬಲಗೈಯೂ ಮಾತೂ ಬಿದ್ದುಹೋಗಿ ಹನ್ನೊಂದು ತಿಂಗಳು ಮಲಗಿದ್ದರು. ಮೊದಲ ತಿಂಗಳು ನಾನು ಮಂಚದ ಪಕ್ಕದಲ್ಲಿ ಕುಳಿತು ಉದ್ದುದ್ದ ಪ್ರಾರ್ಥಿಸುತ್ತಿದ್ದೆ. ನಾಲ್ಕನೆಯ ತಿಂಗಳ ಹೊತ್ತಿಗೆ ನನ್ನ ಮಾತೆಲ್ಲ ಬತ್ತಿಹೋಗಿ, ಕರ್ತನು ಕಲಿಸಿದ ಪ್ರಾರ್ಥನೆಯೊಂದನ್ನು ಮಾತ್ರ ಹೇಳಿ ದೀಪ ಆರಿಸುತ್ತಿದ್ದೆ. ಒಂದು ರಾತ್ರಿ ‘ನಿನ್ನ ಚಿತ್ತವು’ ಎಂಬಲ್ಲಿಗೆ ಬಂದವನು ಅಲ್ಲಿಯೇ ನಿಂತುಬಿಟ್ಟೆ. ಮುಂದಿನ ಮಾತು ಹೇಳಿದರೆ ಸುಳ್ಳಾಗುತ್ತದೆ ಎನಿಸಿತು. ನನಗೆ ಬೇಕಾಗಿದ್ದದ್ದು ತಾಯಿ ಎದ್ದು ಕೂರುವುದು, ಇನ್ನಾವ ಚಿತ್ತವೂ ಅಲ್ಲ. ಎಷ್ಟು ಹೊತ್ತು ಸುಮ್ಮನಿದ್ದೆನೋ ತಿಳಿಯದು. ಆಗ ತಾಯಿ ತಮ್ಮ ಎಡಗೈಯ ಬೆರಳಿನಿಂದ ನನ್ನ ಮಣಿಕಟ್ಟನ್ನು ಮೆಲ್ಲಗೆ ತಟ್ಟತೊಡಗಿದರು. ಮಗ್ಗಿ ಹೇಳುತ್ತಾ ನಡುವೆ ತಡವರಿಸಿದ ಮಗುವಿಗೆ ಮುಂದೆ ಹೇಳು ಎಂದು ಸನ್ನೆ ಮಾಡುವ ಹಾಗೆ. ತಟ್ಟುವುದನ್ನು ಅವರು ನಿಲ್ಲಿಸಲಿಲ್ಲ. ನಾನು ನಂಬಿಕೆಯಿಂದಲ್ಲ, ಅವರ ಬೆರಳಿಗೆ ಸೋತು ಉಳಿದದ್ದನ್ನು ಹೇಳಿ ಮುಗಿಸಿದೆ. ತಾಯಿ ಎದ್ದು ಕೂರಲಿಲ್ಲ. ಏಳು ತಿಂಗಳ ನಂತರ ತೀರಿಕೊಂಡರು. ಆದರೆ ಆ ರಾತ್ರಿ ನನ್ನ ಪ್ರಾರ್ಥನೆಯನ್ನು ಹೊತ್ತು ದಾಟಿಸಿದ ನಂಬಿಕೆ ನನ್ನದಾಗಿರಲಿಲ್ಲ, ಮಾತೇ ಇಲ್ಲದವರೊಬ್ಬರದಾಗಿತ್ತು ಎಂಬುದನ್ನು ನಾನು ಮರೆತಿಲ್ಲ.

ಅದಕ್ಕೇ ನಿಮಗೆ ಹೇಳುವುದು, ಒಬ್ಬರೇ ಹೊರಬೇಡಿ. ನಾಲ್ಕು ಮಂದಿ ಹೊತ್ತು ತಂದು ಮಾಳಿಗೆಯಿಂದ ಇಳಿಸಿದ ಪಾರ್ಶ್ವವಾಯು ರೋಗಿಯ ಪ್ರಸಂಗದಲ್ಲಿ ಯೇಸು ಕಂಡದ್ದು ‘ಅವರ’ ನಂಬಿಕೆಯನ್ನು ಎಂದು ಮಾರ್ಕನು ಬರೆಯುತ್ತಾನೆ. ಸಭೆಯಲ್ಲಿ ನಿಮಗೆ ವಿಶ್ವಾಸವಿರುವ ಒಬ್ಬಿಬ್ಬರಿಗೆ, ‘ತಮ್ಮನಿಗಾಗಿ ಬೇಡಿಕೊಳ್ಳಿ’ ಎನ್ನುವುದರ ಜೊತೆಗೆ ‘ನನಗೆ ಬೇಡಿಕೊಳ್ಳಲು ಆಗುತ್ತಿಲ್ಲ’ ಎಂದೂ ಹೇಳಿ. ನಿಮ್ಮ ಮಾತು ಬತ್ತಿದ ದಿನ ಕೀರ್ತನೆಗಳನ್ನು ಬಾಯಿ ಬಿಟ್ಟು ಓದಿ. ಹದಿಮೂರನೆಯ ಕೀರ್ತನೆ ‘ಎಷ್ಟರ ತನಕ’ ಎಂದು ನಾಲ್ಕು ಸಲ ಕೇಳುತ್ತದೆ. ಎಂಬತ್ತೆಂಟನೆಯದು ಕತ್ತಲೆ ಎಂಬ ಮಾತಿನಲ್ಲಿಯೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಯಲ್ಲಿಲ್ಲ. ಅದನ್ನು ಯಾರೂ ಕೀರ್ತನೆಗಳ ಪುಸ್ತಕದಿಂದ ತೆಗೆದುಹಾಕಲಿಲ್ಲ. ‘ಯಾರಿಗೆ ಹೇಳುತ್ತಿದ್ದೇನೆ’ ಎಂಬ ಆ ಪ್ರಶ್ನೆಯನ್ನು ಅದುಮಿಡದೆ ದೇವರಿಗೇ ಕೇಳಿ. ತಮ್ಮನು ಎಲ್ಲಿದ್ದಾನೆಂದು ತಿಳಿದಿದ್ದರೆ ಅವನೊಡನೆ ಸಂಪರ್ಕವಿಟ್ಟುಕೊಳ್ಳಿ. ಕುಡಿತದ ಚಟ ಚಿಕಿತ್ಸೆ ಬೇಡುವ ಕಾಯಿಲೆಯೂ ಹೌದು, ವೈದ್ಯರ ಬಳಿಗೆ ಕರೆದೊಯ್ಯುವುದು ಪ್ರಾರ್ಥನೆಗೆ ವಿರೋಧವಲ್ಲ.

ಪ್ರಶ್ನೆ: ನನ್ನ ಪತಿಗೆ ಎರಡು ವರ್ಷಗಳಿಂದ ಅನಾರೋಗ್ಯ. ನಮ್ಮ ಪ್ರಾರ್ಥನಾ ಕೂಟದ ಹಿರಿಯರೊಬ್ಬರು ‘ನಿಮ್ಮ ನಂಬಿಕೆ ಸಾಲದು, ಅದಕ್ಕೇ ವಾಸಿಯಾಗುತ್ತಿಲ್ಲ’ ಎಂದರು. ಅಂದಿನಿಂದ ಪ್ರಾರ್ಥಿಸಲು ಹೆದರಿಕೆಯಾಗುತ್ತದೆ. ಅವರು ಹೇಳಿದ್ದು ಸರಿಯೇ?

ಉತ್ತರ: ಸರಿಯಲ್ಲ. ಗಾಯದ ಮೇಲೆ ಬರೆ ಎಳೆಯುವ ಈ ಮಾತು ನಮ್ಮ ಸಭೆಗಳಲ್ಲಿ ಬಹಳ ಸಲೀಸಾಗಿ ಓಡಾಡುತ್ತಿರುವುದು ನನಗೆ ನೋವಿನ ಸಂಗತಿ.

ಮೇಲೆ ಹೇಳಿದ ತಂದೆ ಮಗನ ಪ್ರಸಂಗವನ್ನೇ ಮತ್ತಾಯನು ತನ್ನ ಹದಿನೇಳನೆಯ ಅಧ್ಯಾಯದಲ್ಲಿ ಹೇಳುವಾಗ ‘ನಿಮ್ಮ ನಂಬಿಕೆ ಕಡಿಮೆಯಾಗಿರುವುದರಿಂದಲೇ’ ಎಂಬ ಯೇಸುವಿನ ಮಾತು ಬರುತ್ತದೆ. ಅದು ಯಾರಿಗೆ ಹೇಳಿದ ಮಾತು ಎಂದು ದಯವಿಟ್ಟು ನೋಡಿ. ರೋಗಿಗೂ ಅಲ್ಲ, ರೋಗಿಯ ತಂದೆಗೂ ಅಲ್ಲ. ವಾಸಿಮಾಡಲು ಹೋಗಿ ಸೋತು, ಪ್ರತ್ಯೇಕವಾಗಿ ಬಂದು ಕೇಳಿದ ಶಿಷ್ಯರಿಗೆ. ಆ ಮಾತು ನಾಟಬೇಕಾದದ್ದು ಪ್ರಾರ್ಥಿಸಲು ಬಂದ ಹಿರಿಯರಿಗೆ, ಹಾಸಿಗೆಯ ಪಕ್ಕದಲ್ಲಿ ಕುಳಿತ ಹೆಂಡತಿಗಲ್ಲ. ಅದೇ ಉಸಿರಿನಲ್ಲಿ ಯೇಸು ಸಾಸಿವೆ ಕಾಳಿನಷ್ಟು ನಂಬಿಕೆಯ ಬಗ್ಗೆಯೂ ಹೇಳುತ್ತಾನೆ, ಅಂದರೆ ಅಳತೆ ದೊಡ್ಡದಾಗಿರಬೇಕೆಂಬ ವಾದಕ್ಕೆ ಅಲ್ಲಿ ಎಡೆಯೇ ಇಲ್ಲ.

ಪೌಲನಿಗಿಂತ ನಂಬಿಕೆಯಲ್ಲಿ ದೊಡ್ಡವರು ನಮ್ಮ ಕೂಟಗಳಲ್ಲಿ ಯಾರೂ ಇರಲಾರರು. ಅವನು ತನ್ನ ಶರೀರದಲ್ಲಿ ನಾಟಿದ್ದ ಶೂಲ ತೊಲಗಲೆಂದು ಮೂರು ಸಾರಿ ಬೇಡಿಕೊಂಡ. ಸಿಕ್ಕಿದ್ದು ನನ್ನ ಕೃಪೆಯೇ ನಿನಗೆ ಸಾಕೆಂಬ ಉತ್ತರ. ಜೊತೆಗಾರನಾದ ತ್ರೊಫಿಮನನ್ನು ಅವನು ಕಾಯಿಲೆಯಲ್ಲಿಯೇ ಮಿಲೇತದಲ್ಲಿ ಬಿಟ್ಟು ಬರಬೇಕಾಯಿತು. ತಿಮೊಥೆಯನಿಗೆ ಪದೇಪದೇ ಬರುತ್ತಿದ್ದ ಅಸ್ವಸ್ಥತೆಗೆ, ಬರಿಯ ನೀರನ್ನು ಬಿಟ್ಟು ಸ್ವಲ್ಪ ದ್ರಾಕ್ಷಾರಸವನ್ನು ತೆಗೆದುಕೋ ಎಂದು ಬರೆದ. ಇವರಲ್ಲಿ ಯಾರ ನಂಬಿಕೆಯನ್ನೂ ಅವನು ತೂಗಿ ನೋಡಲಿಲ್ಲ. ನಿಮ್ಮ ಪತಿಯ ಔಷಧಿಯನ್ನು ತಪ್ಪಿಸಬೇಡಿ. ಆ ಹಿರಿಯರ ಮಾತು ಮನಸ್ಸಿನಲ್ಲಿ ಕೊರೆಯುತ್ತಿದ್ದರೆ ಸಭಾಪಾಲಕರಿಗೆ ತಿಳಿಸಿ. ಇನ್ನು ಹೆದರಿಕೆಯ ವಿಷಯ: ಇಂದು ಪ್ರಾರ್ಥಿಸುವಾಗ ‘ಕರ್ತನೇ, ನಿನ್ನ ಬಳಿಗೆ ಬರಲು ಹೆದರಿಕೆಯಾಗುತ್ತಿದೆ’ ಎಂದೇ ಆರಂಭಿಸಿ. ಬೇರೇನೂ ಹೇಳಲಾಗದಿದ್ದರೆ ಅಲ್ಲಿಗೇ ಆಮೆನ್ ಅನ್ನಿ. ನಮಗೆ ತಕ್ಕಂತೆ ಬೇಡಲು ತಿಳಿಯದಿರುವಾಗ ಪವಿತ್ರಾತ್ಮನು ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೆಯ ಅಧ್ಯಾಯ ಹೇಳುವುದು ಇಂಥ ರಾತ್ರಿಗಳಿಗಾಗಿಯೇ.

ಪ್ರಶ್ನೆ: ನಾನು ನಾಲ್ಕು ವರ್ಷಗಳಿಂದ ಒಂದೇ ಬಿನ್ನಹವನ್ನು ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಹೇಳುತ್ತಿದ್ದೇನೆ. ಮನಸ್ಸು ಅದರಲ್ಲಿರುವುದಿಲ್ಲ, ಯಾವಾಗ ಮುಗಿಯುವುದೋ ಎನಿಸುತ್ತದೆ. ಇದು ಯೇಸು ಖಂಡಿಸಿದ ವ್ಯರ್ಥವಾದ ಮಾತಿನ ಪುನರುಕ್ತಿಯಲ್ಲವೇ?

ಉತ್ತರ: ಮತ್ತಾಯನ ಆರನೆಯ ಅಧ್ಯಾಯದಲ್ಲಿ ಯೇಸು ಬೇಡವೆನ್ನುವುದು ಹೆಚ್ಚು ಮಾತಾಡಿದರೆ ದೇವರು ಕೇಳುತ್ತಾನೆಂಬ ಎಣಿಕೆಯನ್ನು. ನೀವು ಮಾತುಗಳಿಂದ ದೇವರನ್ನು ಮಣಿಸಲು ಹೊರಟಿಲ್ಲ. ಹೊಸ ಮಾತು ಹುಟ್ಟದೆ ಹಳೆಯ ಮಾತಿಗೆ ಮರಳುತ್ತಿದ್ದೀರಿ. ಇವೆರಡು ಬೇರೆ ಬೇರೆ. ನೂರ ಮೂವತ್ತಾರನೆಯ ಕೀರ್ತನೆಯಲ್ಲಿ ದೇವರ ಕೃಪೆ ಶಾಶ್ವತವೆಂಬ ಪಲ್ಲವಿ 26 ಸಲ ಬರುತ್ತದೆ. ಲೂಕನ ಹದಿನೆಂಟನೆಯ ಅಧ್ಯಾಯದ ವಿಧವೆ ಅನ್ಯಾಯಗಾರನಾದ ನ್ಯಾಯಾಧಿಪತಿಯ ಬಳಿಗೆ ಹೋದಾಗಲೆಲ್ಲ ಹೊಸ ವಾದವನ್ನೇನೂ ಹೂಡಲಿಲ್ಲ, ನ್ಯಾಯ ತೀರಿಸು ಎಂಬ ಒಂದೇ ಮಾತನ್ನು ಹಿಡಿದು ಹೋಗುತ್ತಿದ್ದಳು. ಬೇಸರಗೊಳ್ಳದೆ ಪ್ರಾರ್ಥಿಸುತ್ತಿರಬೇಕೆಂದು ಕಲಿಸಲು ಹೇಳಿದ ಸಾಮ್ಯವದು. ಬೇಸರ ಬರುತ್ತದೆಂದು ಗೊತ್ತಿದ್ದರಿಂದಲೇ ಅದನ್ನು ಹೇಳಿದ್ದು.

ಮನಸ್ಸು ಅಲೆಯುವ ಬಗ್ಗೆ ನೀವು ನಾಚಬೇಕಾಗಿಲ್ಲ. 16ನೆಯ ಶತಮಾನದ ಅವಿಲಾದ ತೆರೇಸಾ ಪ್ರಾರ್ಥನೆಯ ವಿಷಯದಲ್ಲಿ ಗುರುಸ್ಥಾನದಲ್ಲಿರುವವರು. 1970ರಲ್ಲಿ ಕಥೋಲಿಕ ಸಭೆ ಅವರಿಗೆ ಸಭಾ ಪಂಡಿತೆ ಎಂಬ ಬಿರುದನ್ನೇ ಕೊಟ್ಟಿತು. ಅವರು ತಮ್ಮ ಜೀವನಚರಿತ್ರೆಯಲ್ಲಿ, ಕೆಲವು ವರ್ಷಗಳ ಕಾಲ ಪ್ರಾರ್ಥನೆಯಲ್ಲಿ ಉಳಿಯುವುದಕ್ಕಿಂತ ತಾವು ಗೊತ್ತುಮಾಡಿಕೊಂಡ ಗಂಟೆ ಮುಗಿಯುವುದರ ಕಡೆಗೇ ತಮ್ಮ ಗಮನವಿತ್ತು, ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದೆ ಎಂದು ಬರೆದಿದ್ದಾರೆ. ಆದರೂ ಅವರು ಎದ್ದುಹೋಗದೆ ಕುಳಿತಿದ್ದರು. ನೀವು ಹೊತ್ತನ್ನು ಚಿಕ್ಕದು ಮಾಡಿಕೊಳ್ಳಿ. ಅರ್ಧ ಗಂಟೆ ಹೊಯ್ದಾಡುವುದಕ್ಕಿಂತ ಐದು ನಿಮಿಷ, ಆದರೆ ಪ್ರತಿದಿನ, ಒಂದೇ ಜಾಗದಲ್ಲಿ.

ಗೆತ್ಸೇಮನೆಯಲ್ಲಿ ಯೇಸುಸ್ವಾಮಿ ಮೂರನೆಯ ಸಾರಿ ಹೋಗಿ ತಿರಿಗಿ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದನೆಂದು ಮತ್ತಾಯನು ಬರೆದಿಟ್ಟಿದ್ದಾನೆ. ಆ ರಾತ್ರಿ ಆತನಿಗೂ ಹೊಸ ಮಾತು ಬೇಕೆನಿಸಲಿಲ್ಲ. ನಿಮ್ಮ ಆ ಹಳೆಯ ವಾಕ್ಯವನ್ನೇ ಇವತ್ತು ರಾತ್ರಿಯೂ ಹೇಳಿ ಮಲಗಿ.